ಥಾಯ್ಲೆಂಡಿನ ಮರಣ ರೈಲುಮಾರ್ಗಕ್ಕೆ ಒಂದು ದಿನ: ಬೆಳಗಾವಿಯ ಪ್ರಯಾಣಿಕನೊಬ್ಬನ ವಿಮರ್ಶೆ

ಟಿಳಕವಾಡಿಯ ಎರಡನೇ ಗೇಟಿನ ಆಸುಪಾಸು ಬೆಳೆದವರಿಗೆ ಮೀಟರ್ ಗೇಜ್ ಎಂದರೇನೆಂದು ವಿವರಿಸಬೇಕಾಗಿಲ್ಲ. 1990ರ ದಶಕದಲ್ಲಿ ಮಿರಜ–ಲೋಂಡಾ ಮಾರ್ಗ ಬ್ರಾಡ್ ಗೇಜಿಗೆ ಬದಲಾಗುವ ತನಕ ನಮ್ಮೂರಿನ ಗಾಡಿಗಳೆಲ್ಲ ಒಂದು ಮೀಟರ್ ಅಗಲದ ಹಳಿಗಳ ಮೇಲೆಯೇ ಓಡಾಡುತ್ತಿದ್ದವು. ಗೇಟು ಬಿದ್ದಾಗ ಸೈಕಲ್ಲಿನಿಂದ ಇಳಿದು ನಿಂತು ಡಬ್ಬಿಗಳನ್ನು ಎಣಿಸುವುದು ಆಗಿನ ಹುಡುಗರ ನಿತ್ಯದ ಕೆಲಸವಾಗಿತ್ತು. ಕಳೆದ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಬ್ಯಾಂಕಾಕಿನ ತೊನ್‌ಬುರಿ ನಿಲ್ದಾಣದಲ್ಲಿ ಗಾಡಿಗಾಗಿ ಕಾಯುತ್ತ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ಅದೇ ಅಗಲದ ಹಳಿ. ಈ ಹಳಿಯೇ ಮುಂದೆ ಸಾಗಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆ ಯುದ್ಧಕೈದಿಗಳಿಂದಲೂ ಏಷ್ಯಾದ ಕೂಲಿಗಳಿಂದಲೂ ಕಟ್ಟಿಸಿದ ಥಾಯ್ಲೆಂಡ್–ಬರ್ಮಾ ಮಾರ್ಗವಾಗುತ್ತದೆ. ಜಗತ್ತು ಅದನ್ನು ಮರಣ ರೈಲುಮಾರ್ಗ ಎಂದು ಕರೆಯುತ್ತದೆ.

ಆ ಮಾರ್ಗದಲ್ಲಿ ಈಗಲೂ ದಿನಾಲು ಓಡುವ ಪ್ಯಾಸೆಂಜರ್ ಗಾಡಿ, ಅದರ ದಾರಿಯಲ್ಲಿ ಸಿಗುವ ಮರದ ಸೇತುವೆ, ಕಾಂಚನಬುರಿ ಎಂಬ ಊರೊಳಗಿನ ವಸ್ತುಸಂಗ್ರಹಾಲಯ ಮತ್ತು ಸಮಾಧಿಭೂಮಿ, ಇವಿಷ್ಟನ್ನೂ ಯಾವ ಟೂರ್ ಕಂಪನಿಯ ನೆರವಿಲ್ಲದೆ ಒಂದೇ ದಿನದಲ್ಲಿ ನೋಡಿ ಬಂದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಆ ಮೂರನೇ ದರ್ಜೆಯ ಗಾಡಿ. ಅದರ ನಂತರದ ಸ್ಥಾನ ಸಮಾಧಿಭೂಮಿಯ ಪಕ್ಕದಲ್ಲಿರುವ ವಸ್ತುಸಂಗ್ರಹಾಲಯದ್ದು. ಎಲ್ಲರೂ ಹುಡುಕಿಕೊಂಡು ಹೋಗುವ ಪ್ರಸಿದ್ಧ ಕಬ್ಬಿಣದ ಸೇತುವೆಗೆ ಮೂರನೆಯ ಸ್ಥಾನ ಸಾಕು. ಹೆಚ್ಚಿನವರು ಈ ಕ್ರಮವನ್ನು ತಿರುವುಮುರುವು ಮಾಡಿ, ಸೇತುವೆಯ ಮೇಲೆ ಫೋಟೋ ತೆಗೆಸಿಕೊಂಡು, ಉಳಿದದ್ದಕ್ಕೆ ಹೊತ್ತಿಲ್ಲದೆ ಮರಳುತ್ತಾರೆ.

ನಮಗೂ ಈ ಮಾರ್ಗಕ್ಕೂ ಏನು ಸಂಬಂಧ ಎಂದು ಹೊರಡುವ ಮೊದಲು ಮನೆಯಲ್ಲಿಯೇ ಪ್ರಶ್ನೆ ಬಂದಿತ್ತು. 1942ರಲ್ಲಿ ಬರ್ಮಾವನ್ನು ಗೆದ್ದುಕೊಂಡ ಜಪಾನಿಗೆ ಅಲ್ಲಿನ ಸೈನ್ಯಕ್ಕೆ ಸಾಮಾನು ಕಳಿಸುವುದು ಕಷ್ಟವಾಗಿತ್ತು. ಸಿಂಗಪುರವನ್ನು ಸುತ್ತಿ ಮಲಕ್ಕಾ ಜಲಸಂಧಿಯ ಮೂಲಕ ಹೋಗುವ ಹಡಗುಗಳಿಗೆ ಮಿತ್ರರಾಷ್ಟ್ರಗಳ ಸಬ್‌ಮರೀನುಗಳ ಕಾಟವಿತ್ತು. ಆದ್ದರಿಂದ ಥಾಯ್ಲೆಂಡಿನ ಬಾನ್ ಪೋಂಗ್‌ನಿಂದ ಬರ್ಮಾದ ತನ್‌ಬ್ಯುಝಯಾತ್‌ವರೆಗೆ 415 ಕಿಲೋಮೀಟರ್ ಉದ್ದದ ರೈಲುಮಾರ್ಗವನ್ನು ಕಾಡು, ಬೆಟ್ಟ, ನದಿಗಳ ನಡುವೆ ಹಾಸಲು ಅವರು ನಿರ್ಧರಿಸಿದರು. ಬ್ರಿಟಿಷರು ಹಿಂದೆಯೇ ಪರಿಶೀಲಿಸಿ, ಕಷ್ಟಸಾಧ್ಯವೆಂದು ಕೈಬಿಟ್ಟಿದ್ದ ದಾರಿ ಅದು. 1942ರ ಮಧ್ಯದಲ್ಲಿ ಕೆಲಸ ಆರಂಭವಾಗಿ, ಎರಡೂ ತುದಿಗಳಿಂದ ಬಂದ ಹಳಿಗಳು 1943ರ ಅಕ್ಟೋಬರ್ 17ರಂದು ಕೊಂಕೊಯ್ತಾ ಎಂಬಲ್ಲಿ ಕೂಡಿದವು. 60,000ಕ್ಕೂ ಹೆಚ್ಚು ಯುದ್ಧಕೈದಿಗಳು ಅಲ್ಲಿ ದುಡಿದರು, ಅವರಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಮಲಯ, ಬರ್ಮಾ, ಜಾವಾಗಳಿಂದ ತಂದ ಕೂಲಿಗಳಲ್ಲಿ ಸತ್ತವರು 80,000ದಿಂದ ಒಂದು ಲಕ್ಷದವರೆಗೆ ಎಂದು ಅಂದಾಜು ಮಾಡುತ್ತಾರೆ. ಈ ಕೂಲಿಗಳಲ್ಲಿ ಮಲಯದ ರಬ್ಬರ್ ತೋಟಗಳ ತಮಿಳರ ಸಂಖ್ಯೆ ಬಹಳ ದೊಡ್ಡದು.

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಈ ಮಾರ್ಗದಿಂದ ಬರ್ಮಾಕ್ಕೆ ತಲುಪಿದ ಸೈನ್ಯ ಮತ್ತು ಸರಬರಾಜಿನ ಬಲವನ್ನೂ ನೆಚ್ಚಿಕೊಂಡು 1944ರ ಮಾರ್ಚ್‌ನಲ್ಲಿ ಜಪಾನಿಯರು ಇಂಫಾಲ ಮತ್ತು ಕೊಹಿಮಾದತ್ತ ನುಗ್ಗಿದರು. ಆಗ ಮಣಿಪುರದ ಸಾಂಗ್‌ಶಕ್ ಹಳ್ಳಿಯಲ್ಲಿ ಅವರನ್ನು ತಡೆದು ನಿಂತ ಪಡೆಗಳಲ್ಲಿ ಮರಾಠಾ ಲೈಟ್ ಇನ್ಫೆಂಟ್ರಿಯ ನಾಲ್ಕನೆಯ ಬೆಟಾಲಿಯನ್ ಇತ್ತು. ಆ ರೆಜಿಮೆಂಟಿನ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯ ಕ್ಯಾಂಪಿನಲ್ಲಿಯೇ ಇದೆ. ಬೆಳಿಗ್ಗೆ ಆ ರಸ್ತೆಯಲ್ಲಿ ಓಡುವ ಹುಡುಗರನ್ನು ನೋಡುತ್ತ ಬೆಳೆದ ನಮಗೆ ಕಾಂಚನಬುರಿ ಅಷ್ಟೇನೂ ದೂರದ ಊರಲ್ಲ.

ಬೆಳಗಾವಿಯಿಂದ ನೇರ ದಾರಿ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಸಾಂಬ್ರಾದಿಂದ ವಿಮಾನದಲ್ಲಾಗಲಿ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಾಗಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಬ್ಯಾಂಕಾಕಿನ ವಿಮಾನ ಹಿಡಿಯಬೇಕು. 2025ರ ಮೇ ತಿಂಗಳಿನಿಂದ ಥಾಯ್ಲೆಂಡಿಗೆ ಹೋಗುವ ವಿದೇಶಿಯರೆಲ್ಲ ಡಿಜಿಟಲ್ ಆಗಮನ ಪತ್ರವನ್ನು ಮುಂಚಿತವಾಗಿ ತುಂಬಬೇಕಾಗಿದೆ; ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರದಲ್ಲಿ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಮುಂದಿರುತ್ತದೆ, ಹೀಗಾಗಿ ಅಲ್ಲಿ ಬೆಳಿಗ್ಗೆ ಆರಕ್ಕೆ ಏಳುವುದೆಂದರೆ ನಮ್ಮ ದೇಹಕ್ಕೆ ನಾಲ್ಕೂವರೆ. ಬ್ಯಾಂಕಾಕಿಗೆ ತಲುಪಿದ ಮರುದಿನವೇ ಈ ಪ್ರವಾಸವನ್ನು ಇಟ್ಟುಕೊಳ್ಳಬೇಡಿರಿ.

ನಮ್ಮ ಹೋಟೆಲಿನ ಹತ್ತಿರದ ಏಜೆಂಟರೊಬ್ಬರು ಒಂದು ದಿನದ ಪ್ಯಾಕೇಜ್ ತೋರಿಸಿದರು. ಅದರ ವೇಳಾಪಟ್ಟಿಯನ್ನು ಹೆಂಡತಿ ನಿಧಾನವಾಗಿ ಓದಿ, ಪ್ರತಿಯೊಂದರ ಎದುರಿಗೆ ಎಷ್ಟು ನಿಮಿಷವೆಂದು ಪೆನ್ಸಿಲಿನಿಂದ ಬರೆಸಿಕೊಂಡಳು. ತೇಲುವ ಮಾರುಕಟ್ಟೆಗೆ ಎರಡು ತಾಸು, ಊಟಕ್ಕೆ ಒಂದು ತಾಸು, ಸೇತುವೆಗೆ ಮೂವತ್ತು ನಿಮಿಷ, ಸಮಾಧಿಭೂಮಿಗೆ ಹದಿನೈದು ನಿಮಿಷ. ವಸ್ತುಸಂಗ್ರಹಾಲಯದ ಹೆಸರೇ ಇರಲಿಲ್ಲ, ರೈಲು ಪ್ರಯಾಣ ಬೇಕಾದರೆ ಬೇರೆ ಹಣ. ಸುಮಾರು ಏಳು ಸಾವಿರ ಸಮಾಧಿಗಳಿರುವ ಜಾಗಕ್ಕೆ ಹದಿನೈದು ನಿಮಿಷ ಎಂದು ಓದಿದ ಮೇಲೆ ಆ ಕಾಗದವನ್ನು ಮಡಿಚಿಟ್ಟು ನಾವೇ ಹೋಗುವುದೆಂದು ನಿಶ್ಚಯಿಸಿದೆವು.

ಗಾಡಿಯ ವಿಚಾರಕ್ಕೆ ಬರುತ್ತೇನೆ. ಬ್ಯಾಂಕಾಕಿನಲ್ಲಿ ದೊಡ್ಡ ನಿಲ್ದಾಣಗಳು ಬೇರೆ ಇವೆ, ಆದರೆ ಈ ಗಾಡಿ ಹೊರಡುವುದು ನದಿಯ ಪಶ್ಚಿಮಕ್ಕಿರುವ ಚಿಕ್ಕ ತೊನ್‌ಬುರಿ ನಿಲ್ದಾಣದಿಂದ ಮಾತ್ರ. ಟ್ಯಾಕ್ಸಿಯವರಿಗೆ ಬರಿಯ ರೈಲು ನಿಲ್ದಾಣ ಎಂದರೆ ಬೇರೆ ಕಡೆಗೆ ಕರೆದೊಯ್ಯುವ ಸಾಧ್ಯತೆ ಇರುವುದರಿಂದ ಹೆಸರನ್ನು ಥಾಯ್ ಲಿಪಿಯಲ್ಲಿ ಬರೆಸಿಟ್ಟುಕೊಳ್ಳಬೇಕು; ಮೆಟ್ರೋದಲ್ಲಿ ಹೋಗುವವರು ನೀಲಿ ಮಾರ್ಗದ ಬಾಂಗ್ ಖುನ್ ನೋನ್‌ನಲ್ಲಿ ಇಳಿದು ನಡೆಯಬಹುದು. ನಾವು ಹೋದ ಬೆಳಗಿನ ಗಾಡಿ ಎಂಟಕ್ಕೆ ಸ್ವಲ್ಪ ಮುಂಚೆ ಹೊರಡುತ್ತದೆ. ಮಧ್ಯಾಹ್ನ ಇನ್ನೊಂದಿದೆ, ಆದರೆ ಒಂದು ದಿನದಲ್ಲಿ ಮರಳಬೇಕಾದವರಿಗೆ ಅದು ಉಪಯೋಗಕ್ಕೆ ಬಾರದು.

ವಿದೇಶಿಯರಿಗೆ ಎಷ್ಟೇ ದೂರ ಹೋಗಲಿ ಒಂದೇ ದರ, 100 ಬಹ್ತ್. ನಮ್ಮ ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಮುನ್ನೂರರೊಳಗೆ. ಸ್ಥಳೀಯರು ಕೊಡುವುದಕ್ಕಿಂತ ಇದು ಹೆಚ್ಚು, ಆದರೂ ಕೊಟ್ಟ ಹಣಕ್ಕೆ ಸಿಗುವುದನ್ನು ನೋಡಿದರೆ ತಕರಾರು ಎತ್ತಲು ನನಗೆ ಮನಸ್ಸಾಗಲಿಲ್ಲ. ಒಂದು ಸೂಕ್ಷ್ಮವಿದೆ: ನಡುವೆ ಎಲ್ಲಿಯಾದರೂ ಇಳಿದು ಮತ್ತೆ ಹತ್ತಿದರೆ ಮತ್ತೆ 100 ಬಹ್ತ್ ಕೊಡಬೇಕು, ಆದ್ದರಿಂದ ಎಲ್ಲೆಲ್ಲಿ ಇಳಿಯುವುದೆಂದು ಮೊದಲೇ ಯೋಚಿಸಿರಬೇಕು. ಸೀಟು ಕಾಯ್ದಿರಿಸುವ ಪದ್ಧತಿ ಇಲ್ಲ. ಎಲ್ಲವೂ ಮೂರನೇ ದರ್ಜೆ, ಮೇಲೆ ಫ್ಯಾನು, ಪಕ್ಕಕ್ಕೆ ಪೂರಾ ತೆರೆಯುವ ಕಿಟಕಿ. ಎಸಿ ಇಲ್ಲವೆಂದು ಕೊರಗುವವರು ಆ ಕಿಟಕಿಯ ಬೆಲೆಯನ್ನು ಅರಿತಿಲ್ಲವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಗಾಜು ಮುಚ್ಚಿದ ಡಬ್ಬಿಯಲ್ಲಿ ಕುಳಿತು ಈ ಮಾರ್ಗವನ್ನು ನೋಡಿದರೆ ಬಂಡೆಯ ತಂಪೂ ಕಾಡಿನ ಸದ್ದೂ ಒಳಗೆ ಬರುವುದಿಲ್ಲ. ಹೋಗುವಾಗ ಎಡಬದಿಯ ಸೀಟು ಹಿಡಿಯಬೇಕು, ನದಿ ಕಾಣುವುದು ಆ ಕಡೆಗೆ.

ಮೊದಲ ಎರಡು ತಾಸು ಹೊಲಗದ್ದೆಗಳ ಬಯಲು. ನಖೋನ್ ಪಥೋಮ್ ಬಂದಾಗ ಅಲ್ಲಿನ ಬೃಹತ್ ಸ್ತೂಪ ಕಿಟಕಿಯಿಂದಲೇ ಕಾಣುತ್ತದೆ. ಹೆಸರುಗಳನ್ನು ಓದುತ್ತ ಹೋದರೆ ನಮ್ಮ ಭಾಷೆಯ ಕಿವಿಗೆ ಅವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ: ನಖೋನ್ ಪಥೋಮ್ ಎಂದರೆ ಪ್ರಥಮ ನಗರ, ತೊನ್‌ಬುರಿ ಎಂದರೆ ಧನಪುರಿ, ಕಾಂಚನಬುರಿಯಂತೂ ಕಾಂಚನಪುರಿಯೇ. ಅಷ್ಟು ಚಂದದ ಹೆಸರಿನ ಊರಿಗೆ ಯಾವ ಕಾರಣಕ್ಕಾಗಿ ಹೋಗುತ್ತಿದ್ದೇವೆಂಬುದು ನೆನಪಾಗಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೆಚ್ಚಿನವರು ಹತ್ತೂವರೆಯ ಸುಮಾರಿಗೆ ಕಾಂಚನಬುರಿಯಲ್ಲಿ ಇಳಿದುಬಿಡುತ್ತಾರೆ. ನಾವು ಇಳಿಯಲಿಲ್ಲ. ಯುದ್ಧಾನಂತರ ಈ ಮಾರ್ಗವನ್ನು ಥಾಯ್ಲೆಂಡ್ ಕೊಂಡುಕೊಂಡು, ಹಾಳಾಗಿದ್ದ ಹಳಿಗಳನ್ನು ದುರಸ್ತಿ ಮಾಡಿ, 1949ರಲ್ಲಿ ಕಾಂಚನಬುರಿಯ ತನಕ, 1952ರಲ್ಲಿ ವಾಂಗ್ ಫೋ ತನಕ, 1958ರಲ್ಲಿ ನಾಮ್ ತೊಕ್ ತನಕ ಗಾಡಿ ಓಡಿಸತೊಡಗಿತು. ನಾಮ್ ತೊಕ್ ಎಂದರೆ ಜಲಪಾತ. ಅದರಾಚೆಗಿನ ಹಳಿಗಳನ್ನು ಕಿತ್ತಿದ್ದಾರೆ, ಮೇಲಿನ ಕೆಲವು ಭಾಗ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಕಾಂಚನಬುರಿಯಿಂದ ನಾಮ್ ತೊಕ್‌ವರೆಗಿನ ಆ 77 ಕಿಲೋಮೀಟರ್ ದಾರಿಯಲ್ಲಿಯೇ ನೋಡಬೇಕಾದದ್ದು ಇದೆ, ಅದರಲ್ಲೂ ಥಾಮ್ ಕ್ರಸೆ ಎಂಬ ನಿಲುಗಡೆಯಲ್ಲಿ. ಅಲ್ಲಿ ಬೆಟ್ಟದ ಬಂಡೆ ನೇರವಾಗಿ ಖ್ವೇ ನೋಯ್ ನದಿಗೆ ಇಳಿದಿರುವುದರಿಂದ ಹಳಿ ಹಾಸಲು ನೆಲವೇ ಇಲ್ಲ. ಆದ್ದರಿಂದ ಬಂಡೆಯ ಮಗ್ಗುಲಿಗೆ ಅಂಟಿಕೊಂಡಂತೆ ಮರದ ಕಂಬಗಳ ಮೇಲೆ ಮೂರು ನೂರು ಮೀಟರಿಗೂ ಉದ್ದದ ಸೇತುವೆಯನ್ನು 1943ರಲ್ಲಿ ಕೈದಿಗಳಿಂದ ಕಟ್ಟಿಸಿದರು. ಇದಕ್ಕೆ ವಾಂಪೊ ಸೇತುವೆ ಎಂಬ ಹೆಸರೂ ಇದೆ.

ಗಾಡಿ ಇಲ್ಲಿ ನಡೆಯುವ ಮನುಷ್ಯನ ವೇಗಕ್ಕೆ ಇಳಿಯುತ್ತದೆ. ಕ್ಯಾಸಲ್ ರಾಕ್‌ನಿಂದ ದೂಧ್‌ಸಾಗರದ ಕಡೆಗೆ ಘಟ್ಟ ಇಳಿಯುವಾಗ ಗಾಡಿಯೊಳಗಿನ ಗದ್ದಲ ತಾನಾಗಿಯೇ ನಿಲ್ಲುವುದುಂಟಲ್ಲ, ಹಾಗೆಯೇ ಇಲ್ಲಿಯೂ ಡಬ್ಬಿ ಮೌನವಾಯಿತು. ಬಲಗಡೆಯ ಬಂಡೆ ಕೈಗೆ ತಾಗುವಷ್ಟು ಹತ್ತಿರ, ಎಡಗಡೆ ಕೆಳಗೆ ಹಸಿರು ನೀರು, ಕಾಲಡಿಯಲ್ಲಿ ಮರ ನರಳುವ ಸದ್ದು. ನಾವು ಥಾಮ್ ಕ್ರಸೆಯಲ್ಲಿ ಇಳಿದೆವು. ಗಾಡಿ ನಾಮ್ ತೊಕ್ ಮುಟ್ಟಿ ತಿರುಗಿ ಬರುವುದಕ್ಕೆ ಸುಮಾರು ಒಂದೂವರೆ ತಾಸು ಬೇಕಾಗುವುದರಿಂದ ಅಷ್ಟು ಹೊತ್ತು ಸೇತುವೆಯ ಮೇಲೆ ನಡೆದು ನೋಡಬಹುದು. ಈ ಇಡೀ ಯೋಜನೆಯಲ್ಲಿ ನಾವು ಮಾಡಿದ ಅತ್ಯುತ್ತಮ ಆಯ್ಕೆ ಇದೇ.

ಸ್ಲೀಪರುಗಳ ಮೇಲೆ ಹೆಜ್ಜೆ ಇಡುತ್ತ ನಡುವಿಗೆ ಹೋಗಿ, ಕುಳಿತು, ಕೆಳಗಿನ ಕಟ್ಟಿಗೆಯನ್ನು ನೋಡಿದೆ. ಮುಷ್ಟಿಗಾತ್ರದ ಬೋಲ್ಟಿನ ತಲೆಗಳು ಕಂಬದ ತೊಲೆಗಳನ್ನು ಬಿಗಿದಿದ್ದವು, ಅವುಗಳ ಸುತ್ತ ಮರ ಕಪ್ಪಾಗಿ ಸೀಳಿತ್ತು. ಆ ತೊಲೆಗಳನ್ನು ಕಾಲಕಾಲಕ್ಕೆ ಬದಲಿಸಿದ್ದಾರೆ, ಬಂಡೆಯನ್ನು ಮಾತ್ರ ಬದಲಿಸಲಾಗಿಲ್ಲ. ಸೇತುವೆಗೆ ಜಾಗ ಮಾಡಲು ಒಡೆದ ಕಲ್ಲಿನ ಮುಖ ಇನ್ನೂ ಒರಟಾಗಿಯೇ ಇದೆ. ಅದರ ಮೇಲೆ ಅಂಗೈ ಇಟ್ಟೆ. ಮಧ್ಯಾಹ್ನದ ಬಿಸಿಲಿನಲ್ಲಿಯೂ ಸಂದುಗಳಲ್ಲಿ ತಂಪಿತ್ತು. ಅರೆಹೊಟ್ಟೆಯ ಅನ್ನ ತಿಂದು, ಬೆರಿಬೆರಿಯಿಂದ ಊದಿದ ಕಾಲಿನ ಮೇಲೆ ನಿಂತು, ಬರಿಮೈಯಲ್ಲಿ ಈ ಕಲ್ಲನ್ನು ಒಡೆದವರ ವಯಸ್ಸು ನನ್ನ ಮಗನ ವಯಸ್ಸಿನಷ್ಟೇ ಇತ್ತು ಎಂಬುದು ಅಲ್ಲಿ ಹೊಳೆದಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಹೊಳೆಯಲಿಲ್ಲ.

ಹಳಿಯ ಪಕ್ಕದಲ್ಲಿ ಬುದ್ಧನ ವಿಗ್ರಹವಿರುವ ಗುಹೆಯಿದೆ, ಊಟದ ಅಂಗಡಿಗಳಿವೆ. ಶಾಕಾಹಾರಿಗಳು ಥಾಯ್ ಭಾಷೆಯ ಜೇ ಎಂಬ ಒಂದು ಪದವನ್ನು ಕಲಿತಿರಬೇಕು. ಅದಕ್ಕೆ ಮೊಟ್ಟೆ, ಮೀನು ಏನೂ ಇಲ್ಲದ್ದು ಎಂದರ್ಥ. ಆದರೂ ಮೀನಿನ ಸಾರಿನ ಭಯ ಪೂರಾ ಹೋಗುವುದಿಲ್ಲವಾದ್ದರಿಂದ ನಾವು ಮನೆಯಿಂದ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ನದಿ ಕಾಣುವ ಕಡೆ ಕುಳಿತು ಬಿಚ್ಚಿದೆವು. ವಾರಾಂತ್ಯದಲ್ಲಿ ಇಲ್ಲಿ ಜನ ತುಂಬುತ್ತಾರೆ, ಸಾಧ್ಯವಾದರೆ ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿರಿ. ಗಾಡಿ ಬರುವ ವೇಳೆಗೆ ಸೇತುವೆಯಿಂದ ಈಚೆಗೆ ಬಂದಿರಲೇಬೇಕು, ಅದರ ಮೇಲೆ ಸರಿದು ನಿಲ್ಲಲು ಸಾಕಷ್ಟು ಜಾಗವಿಲ್ಲ.

ಮರಳಿ ಬರುವಾಗ ಕಾಂಚನಬುರಿಗೆ ಮುಂಚೆಯೇ ಸೇತುವೆಯ ನಿಲುಗಡೆ ಬರುತ್ತದೆ. ಎರಡೂವರೆಯ ನಂತರ ಅಲ್ಲಿ ಇಳಿದು ಇಪ್ಪತ್ತು ನಿಮಿಷ ಕಳೆದೆವು, ಅಷ್ಟು ಸಾಕು. ಜಾವಾದಿಂದ ಬಿಚ್ಚಿ ತಂದು ಜೋಡಿಸಿದ, ಮೇಲ್ಭಾಗ ಬಾಗಿರುವ ಕಮಾನುಗಳು ಮೂಲದವು. ನಡುವೆ ಇರುವ ಎರಡು ನೇರ ಅಂಚಿನವು 1945ರ ಬಾಂಬ್ ದಾಳಿಯಲ್ಲಿ ಬಿದ್ದವುಗಳ ಬದಲಿಗೆ ಯುದ್ಧಾನಂತರ ಹಾಕಿದವು. ಇಷ್ಟು ತಿಳಿದು ನಡೆದರೆ ಸೇತುವೆ ತಾನೇ ತನ್ನ ಕಥೆ ಹೇಳುತ್ತದೆ. ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ ಎಂಬ 1957ರ ಪ್ರಸಿದ್ಧ ಇಂಗ್ಲಿಷ್ ಚಲನಚಿತ್ರವನ್ನು ನೆನಪಿನಲ್ಲಿಟ್ಟುಕೊಂಡು ಬರುವವರಿಗೆ ಒಂದು ಮಾತು: ಅದನ್ನು ಚಿತ್ರೀಕರಿಸಿದ್ದು ಶ್ರೀಲಂಕಾದಲ್ಲಿ, ಮತ್ತು ಈ ನದಿಗೆ ಆಗ ಮೇ ಕ್ಲೋಂಗ್ ಎಂಬ ಹೆಸರಿತ್ತು. ಖ್ವೇ ನದಿಯ ಸೇತುವೆ ಎಲ್ಲಿ ಎಂದು ಕೇಳಿಕೊಂಡು ಬರುವ ಪ್ರವಾಸಿಗರು ಹೆಚ್ಚಾದ ಮೇಲೆ, 1960ರ ದಶಕದಲ್ಲಿ, ಈ ಭಾಗಕ್ಕೆ ಖ್ವೇ ಯೈ ಎಂದು ಹೆಸರಿಟ್ಟರು. ಸುತ್ತಲಿನ ಅಂಗಡಿ, ಸಂಗೀತ, ಗದ್ದಲಗಳ ನಡುವೆ ಇಲ್ಲಿ ಸತ್ತವರನ್ನು ನೆನೆಯುವುದು ಕಷ್ಟ, ಅದಕ್ಕಾಗಿಯೇ ಇದಕ್ಕೆ ಮೂರನೆಯ ಸ್ಥಾನ ಕೊಟ್ಟಿದ್ದೇನೆ.

ಅಲ್ಲಿಂದ ಸೊಂಗ್‌ಥೆವ್ ಎಂದು ಕರೆಯುವ ಟಂಟಂನಂಥ ವಾಹನದಲ್ಲಿ ಊರೊಳಗಿನ ಥಾಯ್ಲೆಂಡ್–ಬರ್ಮಾ ರೈಲ್ವೆ ಕೇಂದ್ರಕ್ಕೆ ಬಂದೆವು. ಆಸ್ಟ್ರೇಲಿಯಾದ ರಾಡ್ ಬೀಟಿ ಎಂಬವರು ಈ ಮಾರ್ಗವನ್ನು ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ಹುಡುಕಿ, ಕಾಡಿನಲ್ಲಿ ಮರೆಯಾಗಿದ್ದ ಶಿಬಿರಗಳ ಗುರುತು ಹಚ್ಚಿ, 2003ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದು. ಪ್ರವೇಶಕ್ಕೆ ಹಣ ಕೊಡಬೇಕು, ಕೊಡಲೇಬೇಕಾದ ಹಣ. ಬೇರೆ ಕಡೆಗಳಲ್ಲಿ ತುಕ್ಕು ಹಿಡಿದ ಸಾಮಾನುಗಳನ್ನು ಸಾಲಾಗಿ ಇಟ್ಟು ಸುಮ್ಮನಾಗುತ್ತಾರೆ. ಇಲ್ಲಿ ಮಾರ್ಗವನ್ನು ಯಾರು ಯೋಜಿಸಿದರು, ಕೈದಿಗಳನ್ನು ಸಿಂಗಪುರದಿಂದ ಅಕ್ಕಿ ಸಾಗಿಸುವ ಕಬ್ಬಿಣದ ಡಬ್ಬಿಗಳಲ್ಲಿ ಹೇಗೆ ತುಂಬಿ ತಂದರು, ಯಾವ ರೋಗಕ್ಕೆ ಯಾವ ಔಷಧಿ ಇರಲಿಲ್ಲ ಎಂಬುದೆಲ್ಲ ಒಂದರಿಂದ ಒಂದಕ್ಕೆ ಕೊಂಡಿ ಕೂಡಿಕೊಂಡು ಸಾಗುತ್ತದೆ. ಕಾಲರಾ, ಮಲೇರಿಯಾ, ಆಮಶಂಕೆ, ಎಲುಬು ಕಾಣುವವರೆಗೆ ಮಾಂಸ ತಿನ್ನುವ ಹುಣ್ಣು ಇವುಗಳ ವಿವರ ಓದುವಾಗ ಹೆಂಡತಿ ಎರಡು ಬಾರಿ ಹೊರಗೆ ಹೋಗಿ ಕುಳಿತು ಬಂದಳು. ಸತ್ತವರ ಲೆಕ್ಕವನ್ನು ದೇಶವಾರು ನೋಡಿದರೆ ಬ್ರಿಟಿಷರು ಸುಮಾರು 6,900, ಆಸ್ಟ್ರೇಲಿಯನ್ನರು ಮತ್ತು ಡಚ್ಚರು ತಲಾ 2,800ರಷ್ಟು, ಅಮೆರಿಕನ್ನರು ನೂರಕ್ಕೂ ಮಿಕ್ಕಿ. ಒಂದೂವರೆ ತಾಸು ಇಟ್ಟುಕೊಳ್ಳಿರಿ. ಸಂಜೆ ಬೇಗ ಮುಚ್ಚುವುದರಿಂದ ಇದನ್ನು ಮೊದಲು ಮುಗಿಸಿ ಸಮಾಧಿಭೂಮಿಗೆ ಹೋಗುವುದು ಸರಿಯಾದ ಕ್ರಮ. ಮೇಲಿನ ಮಹಡಿಯ ಕಿಟಕಿಯಿಂದ ಅದು ಕಾಣುತ್ತಲೇ ಇರುತ್ತದೆ.

ಕಾಂಚನಬುರಿ ಯುದ್ಧ ಸಮಾಧಿಭೂಮಿಯ ಬಾಗಿಲು ದಾಟುತ್ತಿದ್ದಂತೆ ಹುಲ್ಲಿನ ಬಯಲು, ಅದರಲ್ಲಿ ಮೊಣಕಾಲಿಗಿಂತ ಕೆಳಗಿರುವ ಸಣ್ಣ ಕಲ್ಲುಗಳ ಮೇಲೆ ಕಂಚಿನ ಫಲಕಗಳು, ಸಾಲಿನ ಮೇಲೆ ಸಾಲು. 5,000ಕ್ಕೂ ಹೆಚ್ಚು ಕಾಮನ್‌ವೆಲ್ತ್ ಸೈನಿಕರು, ಸುಮಾರು 1,900 ಡಚ್ ಸೈನಿಕರು ಇಲ್ಲಿದ್ದಾರೆ. ಬಗ್ಗಿ ಓದುತ್ತ ಹೋದೆ: ವಯಸ್ಸು 21, ವಯಸ್ಸು 24, ವಯಸ್ಸು 23. ಎರಡು ಸಮಾಧಿಗಳಲ್ಲಿ ಮಾತ್ರ ಮುನ್ನೂರು ಜನರ ಚಿತಾಭಸ್ಮವಿದೆ; ಅವರಲ್ಲಿ ಹೆಚ್ಚಿನವರು 1943ರ ಮೇ–ಜೂನ್‌ನಲ್ಲಿ ನೀಕೆ ಶಿಬಿರಕ್ಕೆ ಬಂದೆರಗಿದ ಸಾಂಕ್ರಾಮಿಕದಲ್ಲಿ ಸತ್ತವರು.

ಪ್ರವೇಶದ್ವಾರದ ಕಟ್ಟಡವನ್ನು ಎಲ್ಲರೂ ನೆರಳೆಂದು ತಿಳಿದು ದಾಟಿ ಹೋಗುತ್ತಾರೆ, ಭಾರತೀಯರು ಅಲ್ಲಿ ನಿಲ್ಲಬೇಕು. ಅವಿಭಜಿತ ಭಾರತದ ಸೈನ್ಯಕ್ಕೆ ಸೇರಿದ 11 ಜನರ ಹೆಸರುಗಳು ಅಲ್ಲಿವೆ. ಅವರನ್ನು ಥಾಯ್ಲೆಂಡಿನ ಮುಸ್ಲಿಂ ಕಬರಸ್ತಾನಗಳಲ್ಲಿ ಹೂಳಿದ್ದರು, ಆ ಸಮಾಧಿಗಳನ್ನು ಕಾಯ್ದುಕೊಂಡು ಬರಲು ಸಾಧ್ಯವಾಗಲಿಲ್ಲವಾದ್ದರಿಂದ ಹೆಸರುಗಳನ್ನಷ್ಟೇ ಇಲ್ಲಿ ಕೆತ್ತಿದ್ದಾರೆ. ಹನ್ನೊಂದನ್ನೂ ನಿಧಾನವಾಗಿ, ಬಾಯಿಬಿಟ್ಟು ಓದಿದೆವು. ಯಾವ ಪ್ಯಾಕೇಜಿನ ಹದಿನೈದು ನಿಮಿಷದಲ್ಲಿಯೂ ಇದು ಸಿಗುವುದಿಲ್ಲ.

ಒಂದು ದಿನದಲ್ಲಿ ಸಿಗದೇ ಹೋಗುವುದು ಹೆಲ್‌ಫೈರ್ ಪಾಸ್. ಕೊನ್ಯು ಎಂಬಲ್ಲಿ ಬೆಟ್ಟವನ್ನು ಕೈಯಾರೆ ಕಡಿದು ಮಾಡಿದ ಕಣಿವೆಯದು. 1943ರಲ್ಲಿ ಬೇಗ ಮುಗಿಸಬೇಕೆಂದು ರಾತ್ರಿಯೂ ಪಂಜು, ಬಿದಿರಿನ ಬೆಂಕಿಗಳ ಬೆಳಕಿನಲ್ಲಿ ಕೆಲಸ ನಡೆಸಿದಾಗ ನರಕದಂತೆ ಕಂಡಿತೆಂದು ಕೈದಿಗಳೇ ಆ ಹೆಸರಿಟ್ಟರು. ಆಸ್ಟ್ರೇಲಿಯಾ ಸರ್ಕಾರ ಅಲ್ಲಿ ನಡೆಸುತ್ತಿರುವ ಮಾಹಿತಿ ಕೇಂದ್ರಕ್ಕೆ ಪ್ರವೇಶ ಉಚಿತ. ಅದು ಕಾಂಚನಬುರಿಯಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ, ನಾಮ್ ತೊಕ್‌ನಿಂದ ಮತ್ತೆ ರಸ್ತೆಯಲ್ಲಿ ಹೋಗಬೇಕು, ಅಷ್ಟರಲ್ಲಿ ಬ್ಯಾಂಕಾಕಿಗೆ ಮರಳುವ ಗಾಡಿ ಹೊರಟುಹೋಗಿರುತ್ತದೆ. ಅದನ್ನೂ ಇದೇ ದಿನದಲ್ಲಿ ತುರುಕಲು ಹೋದರೆ ವಸ್ತುಸಂಗ್ರಹಾಲಯವೋ ಸಮಾಧಿಭೂಮಿಯೋ ತಪ್ಪುತ್ತದೆ. ಕಾಂಚನಬುರಿಯಲ್ಲಿ ಒಂದು ರಾತ್ರಿ ತಂಗಲು ಸಾಧ್ಯವಿರುವವರು ಖಂಡಿತ ತಂಗಿ, ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅಲ್ಲಿಗೆ ಹೋಗಬೇಕು.

ನಮ್ಮಂತೆ ಸಂಜೆಯೇ ಮರಳುವವರು ಬಸ್ ನಿಲ್ದಾಣದಿಂದ ಬ್ಯಾಂಕಾಕಿಗೆ ಮಿನಿವ್ಯಾನ್ ಹಿಡಿಯಬಹುದು, ಕೊನೆಯದು ಎಷ್ಟಕ್ಕೆಂದು ಮೊದಲೇ ವಿಚಾರಿಸಿಟ್ಟಿರಬೇಕು. ಗಾಡಿಯಲ್ಲಿಯೇ ಬ್ಯಾಂಕಾಕಿಗೆ ಮರಳುವ ಹಟ ಹಿಡಿದರೆ ಮಧ್ಯಾಹ್ನ ಮೂರರ ಮುನ್ನವೇ ಕಾಂಚನಬುರಿಯನ್ನು ಬಿಡಬೇಕಾಗುತ್ತದೆ. ನಮಗೆ ಆ ದಿನ ರೈಲು ಟಿಕೆಟ್ಟು ಇಬ್ಬರಿಗೆ 400 ಬಹ್ತ್ ಆಯಿತು, ಥಾಮ್ ಕ್ರಸೆಯಲ್ಲಿ ಇಳಿದು ಹತ್ತಿದ್ದರ ಲೆಕ್ಕ ಸೇರಿಸಿ.

ವ್ಯಾನಿಗೆ ಹೋಗುವ ಮೊದಲು ಇನ್ನೊಂದು ಕಡೆಗೆ ಹೋದೆವು. ಸಮಾಧಿಭೂಮಿಯ ಹತ್ತಿರದಲ್ಲಿಯೇ ವಾತ್ ಥಾವೊರ್ನ್ ವರಾರಾಮ್ ಎಂಬ ವಿಯೆಟ್ನಾಮಿ ಶೈಲಿಯ ಬೌದ್ಧ ದೇವಾಲಯವಿದೆ. ಏಷ್ಯಾದ ಕೂಲಿಗಳಲ್ಲಿ ಒಬ್ಬೊಬ್ಬರಿಗೊಂದು ಫಲಕವಿಲ್ಲ, ವಯಸ್ಸನ್ನು ಬರೆದವರಿಲ್ಲ. ಯುದ್ಧದ ನಂತರ ಸಿಕ್ಕ ಅವರ ಅಸ್ಥಿಗಳನ್ನು ಒಟ್ಟಿಗೆ ಇಟ್ಟು ಕಟ್ಟಿದ ಸ್ತೂಪ ಈ ದೇವಾಲಯದ ಆವರಣದಲ್ಲಿದೆ. ಇತ್ತೀಚೆಗೆ ಮಲೇಷ್ಯಾದ ತಮಿಳರು ತಮ್ಮ ಹಿರಿಯರ ನೆನಪಿಗಾಗಿ ಇಲ್ಲಿ ಒಂದು ನಡುಕಲ್ಲನ್ನು ನಿಲ್ಲಿಸಿದ್ದಾರೆ. ತಮಿಳರ ನಡುಕಲ್ಲು ಎಂದರೆ ನಮ್ಮ ವೀರಗಲ್ಲೇ. ನಮ್ಮ ಹಳ್ಳಿಗಳ ಹೊರಗೆ, ಹನುಮಪ್ಪನ ಗುಡಿಯ ಪಕ್ಕದಲ್ಲಿ, ಎಣ್ಣೆ ಸವರಿಸಿಕೊಂಡು ನಿಂತಿರುವಂಥ ಕಲ್ಲು. ಊರಿಗಾಗಿ, ದನಕ್ಕಾಗಿ ಕಾದಾಡಿ ಸತ್ತವರಿಗೆ ನಿಲ್ಲಿಸುವ ಗೌರವವನ್ನು, ಮೋಸದಿಂದಲೋ ಬಲವಂತದಿಂದಲೋ ಕರೆದೊಯ್ದು ದುಡಿಸಿ ಕೊಂದ ಕೂಲಿಗಳಿಗೆ ಅವರ ಮಕ್ಕಳು, ಮೊಮ್ಮಕ್ಕಳು ಕೊಟ್ಟಿದ್ದಾರೆ. ಈ ಪ್ರವಾಸಕ್ಕೆ ಹೋಗುವ ಪ್ರತಿಯೊಬ್ಬ ಕನ್ನಡಿಗರೂ ಹತ್ತು ನಿಮಿಷವನ್ನಾದರೂ ಇದಕ್ಕಾಗಿ ಮೀಸಲಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಥಾಯ್ ಊರುಗಳಲ್ಲಿ ಚೆಂಡುಹೂವಿನ ಸಣ್ಣ ಮಾಲೆಗಳು ಮಾರುಕಟ್ಟೆಗಳಲ್ಲಿ ಅಗ್ಗಕ್ಕೆ ಸಿಗುತ್ತವೆ, ಬೆಳಿಗ್ಗೆಯೇ ಒಂದನ್ನು ಕೊಂಡು ನೆನೆಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಿರಿ. ನಮಗೆ ಅದು ಹೊಳೆದಿರಲಿಲ್ಲ, ಬರಿಗೈಯಲ್ಲಿ ಬಂದಿದ್ದೆವು. ಹೆಂಡತಿ ಚೀಲದ ತಳದಿಂದ ಗೋಕಾಕದ ಕರದಂಟಿನ ಪೊಟ್ಟಣವನ್ನು ತೆಗೆದು, ಉಳಿದಿದ್ದ ಎರಡು ತುಂಡುಗಳನ್ನು ಕಲ್ಲಿನ ಬುಡದಲ್ಲಿ ಇಟ್ಟಳು.